ಕಾಲುದಾರಿಯ ಕರಾವಳಿ: ಕುಮಟೆಯಿಂದ ಗೋಕರ್ಣದವರೆಗಿನ ಒಂದು ದಿನದ ನಡಿಗೆ

ಕರ್ನಾಟಕದ ಕರಾವಳಿಯ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಹಡಗಿನ ಮೇಲೆ ನಿಂತು ನೋಡಿ ಬರೆದುಕೊಂಡಿದ್ದೇವೆ. ಬಂದರುಗಳು, ಕೋಟೆಗಳು, ಮೆಣಸು ಮತ್ತು ಕುದುರೆಗಳ ವ್ಯಾಪಾರ, ಪೋರ್ಚುಗೀಸರೊಂದಿಗಿನ ಕರಾರುಗಳು ಇವೇ ಅದರ ಅಧ್ಯಾಯಗಳು. ಇದು ಸಹಜವೇ. ಆಕರಗಳನ್ನು ಬಿಟ್ಟುಹೋದವರಲ್ಲಿ ಹೆಚ್ಚಿನವರು ಸಮುದ್ರದಿಂದ ಬಂದು ಸಮುದ್ರಕ್ಕೇ ಮರಳಿದವರು. ಆದರೆ ದಂಡೆಯುದ್ದಕ್ಕೂ ಊರಿಂದ ಊರಿಗೆ ನಡೆದುಹೋದ ಹೊರೆಯಾಳು, ಯಾತ್ರಿಕ, ಮೀನುಗಾರ್ತಿ, ದಂಡಿನ ಸಿಪಾಯಿ ಇವರ ದಾರಿ ಯಾವುದು, ಆ ದಾರಿಯನ್ನು ಯಾವುದು ರೂಪಿಸಿತು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಲ್ಲ. ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಯನ್ನು ಒಂದು ದಿನದ ನಡಿಗೆಯ ಮಿತಿಯಲ್ಲಿ ಎತ್ತಲು ಪ್ರಯತ್ನಿಸಲಾಗಿದೆ.

ಉತ್ತರ ಕನ್ನಡ ಜಿಲ್ಲೆಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ರೂಢಿ ಬೆಳೆದಿದೆ. ಮಳೆಗಾಲ ಮುಗಿದು ಚಳಿ ಕಾಲಿಟ್ಟೊಡನೆ ನಗರಗಳ ತರುಣ ತರುಣಿಯರು ಬೆನ್ನಿಗೆ ಚೀಲ ಏರಿಸಿಕೊಂಡು ಬರುತ್ತಾರೆ. ಹೊನ್ನಾವರದ ಅಪ್ಸರಕೊಂಡ, ಕಾಸರಕೋಡುಗಳ ಕಡೆಯಿಂದ ಹೊರಟು ಎರಡು ಮೂರು ದಿನ ದಂಡೆ ಹಿಡಿದು ನಡೆದು ಗೋಕರ್ಣ ಸೇರುತ್ತಾರೆ. ಇದಕ್ಕೆ ಅವರು ‘ಬೀಚ್ ಟ್ರೆಕ್’ ಎನ್ನುತ್ತಾರೆ. ಇದರ ಕೊನೆಯ ದಿನದ ಹಾದಿ ಕುಮಟೆಯಿಂದ ಗೋಕರ್ಣದವರೆಗಿನದು. ಸುತ್ತು ಬಳಸು ಸೇರಿಸಿದರೆ 20 ಕಿ.ಮೀ.ಗೂ ಹೆಚ್ಚು. ಡಿಸೆಂಬರ್ ತಿಂಗಳಿನಲ್ಲಿ ಅಂಥ ಒಂದು ತಂಡದ ಹಿಂದೆ ಹಿಂದೆ ನಡೆಯುವ ಅವಕಾಶ ಈ ಲೇಖಕನಿಗೂ ಒದಗಿತು. ಅವರು ವಿಹಾರಕ್ಕೆ ಬಂದವರು, ನಾನು ಅವರಿಗಿಂತ ಮೂವತ್ತು ವರ್ಷ ಹಿರಿಯನಾಗಿ ಹಳೆಯ ಪ್ರವಾಸಕಥನಗಳ ಟಿಪ್ಪಣಿಗಳನ್ನು ಹಿಡಿದು ಹೋದವನು. ಆದರೂ ದಿನದ ಕೊನೆಗೆ ನಾವೆಲ್ಲರೂ ಅನುಸರಿಸಿದ್ದು ಒಂದೇ ನಿಯಮವನ್ನು. ಆ ನಿಯಮ ಬಹಳ ಹಳೆಯದು.

ಮುಂಜಾನೆ ಆರಕ್ಕೆ ಹೊರಡಬೇಕೆಂದು ತಂಡದ ದಾರಿತೋರುಗ ಹಟ ಹಿಡಿದದ್ದು ಬಿಸಿಲಿಗೆ ಹೆದರಿ ಎಂದು ನಾನು ಭಾವಿಸಿದ್ದೆ. ಕಾರಣ ಬೇರೆ ಇತ್ತು. ಅಂದು ಇಳಿತ ಬೆಳಿಗ್ಗೆಯೇ ಬಿದ್ದಿತ್ತು. ನೀರು ಹಿಂದೆ ಸರಿದಾಗ ಒದ್ದೆ ಮರಳು ಗಟ್ಟಿಯಾಗಿ ಗಾರೆ ನೆಲದಂತೆ ಹೆಜ್ಜೆ ಹೊರುತ್ತದೆ. ಭರತ ಬಂದರೆ ಒಣಮರಳಿನಲ್ಲಿ ಪಾದ ಹೂತು ಮೂರು ಹೆಜ್ಜೆಯ ಶ್ರಮಕ್ಕೆ ಎರಡು ಹೆಜ್ಜೆ ದಾರಿ ಸಾಗುತ್ತದೆ. ಕೆಲವು ಬಂಡೆಮೂಲೆಗಳನ್ನು ಇಳಿತದಲ್ಲಿ ಬುಡದಿಂದಲೇ ಬಳಸಿ ಹೋಗಬಹುದು, ಭರತದಲ್ಲಿ ಗುಡ್ಡ ಹತ್ತಿ ಇಳಿಯಬೇಕು. ಅಂದರೆ ಈ ದಾರಿ ದಿನಕ್ಕೆ ಎರಡು ಬಾರಿ ತೆರೆದು ಎರಡು ಬಾರಿ ಮುಚ್ಚುತ್ತದೆ. ಭೂಪಟದಲ್ಲಿ ಅದು ಕಾಣದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹೊರಡುವ ಊರಾದ ಕುಮಟೆಯ ಬಗ್ಗೆ ಎರಡು ಮಾತು ಹೇಳಬೇಕು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದರಾಸಿನಿಂದ ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು, ಮಲಬಾರುಗಳನ್ನು ಸುತ್ತಿ 1801ರ ಮೊದಲ ತಿಂಗಳುಗಳಲ್ಲಿ ಕನ್ನಡ ಜಿಲ್ಲೆಯ ದಂಡೆಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಗಿದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಪ್ರವಾಸದ ದಿನಚರಿಯಲ್ಲಿ ಕುಮಟೆಯ ವಿವರ ಚಿಕ್ಕದಾದರೂ ಮನಸ್ಸಿನಲ್ಲಿ ಉಳಿಯುವಂಥದು. ಹಿಂದೆ ಹೆಸರಾಂತ ಊರಾಗಿದ್ದಂತೆ ತೋರುತ್ತದೆ, ಓಣಿಗಳು ನೇರವಾಗಿವೆ, ಅವುಗಳ ಇಕ್ಕೆಲದಲ್ಲೂ ಕಲ್ಲಿನ ಗೋಡೆಗಳಿವೆ, ತೆಂಗಿನ ತೋಟಗಳು ಹೇರಳವಾಗಿವೆ ಎಂದು ಹೇಳಿ, ಟಿಪ್ಪುವಿನ ಸೈನ್ಯ ಎರಡು ಬಾರಿ ಸಮೀಪದಲ್ಲಿ ಬೀಡುಬಿಟ್ಟಿದ್ದಾಗ ಎರಡು ಬಾರಿಯೂ ಅದರ ಕಟ್ಟುಪಾಡಿಲ್ಲದ ಪಡೆಯವರು ಊರನ್ನು ಸುಟ್ಟರೆಂದು ದಾಖಲಿಸುತ್ತಾನೆ. ಬುಕಾನನ್ ಗೆದ್ದ ಕಂಪನಿಯ ನೌಕರ. ಸೋತ ದೊರೆಯ ಬಗ್ಗೆ ಅವನ ಮಾತನ್ನು ತೂಗಿ ನೋಡಿಯೇ ಸ್ವೀಕರಿಸಬೇಕು. ಆದರೆ ಇಲ್ಲಿ ನಮಗೆ ಮುಖ್ಯವಾದದ್ದು ದೋಷಾರೋಪವಲ್ಲ. ದಂಡು ಎರಡು ಬಾರಿ ಇಲ್ಲಿಯೇ ಇಳಿದದ್ದು ಏಕೆ ಎಂಬುದು. ದಂಡೂ ನಡೆದೇ ಹೋಗಬೇಕಾಗಿತ್ತು. ಮುಂದೆ ಅಘನಾಶಿನಿ, ಹಿಂದೆ ಶರಾವತಿ. ಎರಡು ನದಿಗಳ ನಡುವಿನ ತಂಗುನೆಲ ಕುಮಟೆ. ವ್ಯಾಪಾರಿಗೂ ಯಾತ್ರಿಕನಿಗೂ ಅನುಕೂಲವಾದ ಸ್ಥಾನವೇ ಊರಿಗೆ ಶಾಪವೂ ಆಯಿತು.

ಸುಟ್ಟ ಊರು ಮತ್ತೆ ಎದ್ದದ್ದು ಹತ್ತಿಯಿಂದ. 19ನೆಯ ಶತಮಾನದ ಮಧ್ಯಭಾಗದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಇಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರ ಅವಧಿಯಲ್ಲಿ, ಅದರ ಬೆಲೆ ಏರಿತು. ಒಂದು ಗಿಡವೂ ಇಲ್ಲಿ ಬೆಳೆಯದಿದ್ದರೂ ಬಯಲುಸೀಮೆಯ ಆ ತಳಿಗೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತುಹೋಯಿತು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ ಕಾರವಾರದ ಕಡೆಗೆ ಸರಕಾರದ ಗಮನ ಹರಿದ ಮೇಲೆ, ಅನಂತರ ಮಾರ್ಮಗೋವೆಗೆ ರೈಲು ಬಂದ ಮೇಲೆ, ಆ ವೈಭವ ಇಳಿಯಿತು. ಹೆಡ್ ಬಂದರಿನ ಬಳಿ ನಿಂತು ನೋಡಿದರೆ ಈಗ ದೋಣಿಗಳು ಮಾತ್ರ ಕಾಣುತ್ತವೆ.

ಕುಮಟೆಯಿಂದ ಉತ್ತರಕ್ಕೆ ವನ್ನಳ್ಳಿ, ಮಂಗೋಡ್ಲು, ಕಡ್ಲೆ, ಬಾಡ, ಕಾಗಾಲ ಹೀಗೆ ಒಂದಾದ ಮೇಲೊಂದು ದಂಡೆಗಳು ಬರುತ್ತವೆ. ಪ್ರತಿ ಎರಡರ ನಡುವೆಯೂ ಒಂದು ಗುಡ್ಡದ ಮೂಗು ಸಮುದ್ರಕ್ಕೆ ಚಾಚಿರುತ್ತದೆ. ಮೊದಲ ಕೆಲವು ಗಂಟೆ ಹತ್ತುವುದು, ಇಳಿಯುವುದು, ಮರಳಿನಲ್ಲಿ ನಡೆಯುವುದು ಇಷ್ಟೇ. ವನ್ನಳ್ಳಿಯ ಸುತ್ತಿನ ಮರಳುಮಿಶ್ರಿತ ಗದ್ದೆಗಳಲ್ಲಿ ಬೆಳೆಯುವ ಕುಮಟೆಯ ಸಿಹಿ ಈರುಳ್ಳಿಯನ್ನು ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ ಗೊಂಚಲು ಕಟ್ಟಿ ಮಾರುವುದನ್ನು ಓದುಗರು ಕಂಡಿರಬಹುದು. ಕಾಗಾಲದಿಂದ ಮುಂದೆ ಕೆಲವು ಕಿ.ಮೀ. ಉದ್ದಕ್ಕೆ ಎಲ್ಲೂ ಮುರಿಯದ ಒಂದು ದಂಡೆ. ವಿಹಾರಿಗಳು ಇದಕ್ಕೆ ‘ನಿರ್ವಾಣ’ ಎಂಬ ಹೊಸ ಹೆಸರಿಟ್ಟಿದ್ದಾರೆ. ದಂಡೆಯ ಒಳಮಗ್ಗುಲಿಗೆ ತೆಂಗು, ಗಾಳಿ ಮರಗಳ ಸಾಲು. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ತಂಡದ ಎಲ್ಲರೂ ಮರಳನ್ನು ಬಿಟ್ಟು ಆ ನೆರಳಿಗೆ ಸರಿದರು. ಕುಡಿಯುವ ನೀರು ಮುಗಿದಿತ್ತು. ಹತ್ತಿರದ ಮನೆಯೊಂದರ ಅಂಗಳದ ಬಾವಿಯಿಂದ ಹಿರಿಯ ಹೆಂಗಸೊಬ್ಬರು ನೀರು ಸೇದಿ ಎಲ್ಲರ ಬಾಟಲಿಗಳನ್ನೂ ತುಂಬಿಸಿಕೊಟ್ಟರು. “ದಿನಾ ಬತ್ರು, ದಿನಾ ನೀರು ಕೇಳ್ತ್ರು” ಎಂದು ನಕ್ಕರು.

ಈ ಸ್ಥಳದಲ್ಲಿ ಇಬ್ನ್ ಬತೂತನ ನೆನಪಾಗದಿರುವುದು ಸಾಧ್ಯವಿಲ್ಲ. 1340ರ ದಶಕದಲ್ಲಿ ದೆಹಲಿಯಿಂದ ಹೊರಟು ಈ ಕರಾವಳಿಗೆ ಬಂದ ಆ ಮೊರಾಕ್ಕೊ ದೇಶದ ಪ್ರವಾಸಿ ಹೊನ್ನಾವರದಲ್ಲಿ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದನು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂಬ ಅವನ ಮಾತನ್ನು ನಮ್ಮ ವಿದ್ವಾಂಸರು ಮೇಲಿಂದ ಮೇಲೆ ಉದ್ಧರಿಸಿದ್ದಾರೆ. ಅದೇ ಕಥನದಲ್ಲಿ, ಅದಕ್ಕಿಂತ ಕಡಿಮೆ ಪ್ರಸಿದ್ಧವಾದ ಇನ್ನೊಂದು ಭಾಗವಿದೆ. ಅದು ದಾರಿಯ ವರ್ಣನೆ. ಸಂದಾಬೂರ್ ಅಂದರೆ ಗೋವೆಯಿಂದ ಕೊಲ್ಲಂವರೆಗೆ ದಂಡೆ ಹಿಡಿದು ಎರಡು ತಿಂಗಳ ನಡಿಗೆ. ದಾರಿಯುದ್ದಕ್ಕೂ ಮರಗಳ ನೆರಳು. ಪ್ರತಿ ಅರ್ಧ ಮೈಲಿಗೊಂದು ಮರದ ಮನೆ, ಅದರಲ್ಲಿ ಯಾವ ಮತದವರೂ ಕುಳಿತು ದಣಿವಾರಿಸಿಕೊಳ್ಳಲು ಜಗಲಿಗಳು. ಪಕ್ಕದಲ್ಲಿ ಬಾವಿ, ನೀರೆರೆಯಲು ಒಬ್ಬ ಆಳು. ಹಿಂದುವಿಗೆ ಆತ ಪಾತ್ರೆಯಲ್ಲಿ ನೀರು ಕೊಡುತ್ತಾನೆ, ಮುಸಲ್ಮಾನನಿಗೆ ಬೊಗಸೆಗೆ ಸುರಿಯುತ್ತಾನೆ. ಅರಸನಲ್ಲದೆ ಯಾರೂ ಕುದುರೆ ಏರುವುದಿಲ್ಲ. ಪಲ್ಲಕ್ಕಿಯಲ್ಲಿ ಹೋಗದವರು ಯಾರೇ ಆಗಲಿ ನಡೆದೇ ಹೋಗಬೇಕು. ವ್ಯಾಪಾರಿಗಳ ಸರಕನ್ನು ಕೂಲಿಯಾಳುಗಳು ಬೆನ್ನ ಮೇಲೆ ಹೊರುತ್ತಾರೆ. ಇಷ್ಟು ನಿರ್ಭಯವಾದ ದಾರಿಯನ್ನು ತಾನು ಬೇರೆಲ್ಲೂ ಕಾಣಲಿಲ್ಲವೆಂದೂ ಹೇಳುತ್ತಾನೆ.

ಈ ವರ್ಣನೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಪ್ರತಿ ಅರ್ಧ ಮೈಲಿಗೂ ಅರವಟ್ಟಿಗೆ ಎಂಬುದು ಇಡೀ ದಂಡೆಗೆ ಅನ್ವಯಿಸುತ್ತಿತ್ತೆಂದು ನಂಬುವುದು ಕಷ್ಟ. ಬೊಗಸೆ ಮತ್ತು ಪಾತ್ರೆಗಳ ವ್ಯತ್ಯಾಸ ಆ ದಾರಿಯ ಸೌಜನ್ಯದೊಳಗೇ ಇದ್ದ ಗೆರೆಯನ್ನೂ ತೋರಿಸುತ್ತದೆ. ಆದರೆ ಒಂದು ವಿಷಯ ನಿಸ್ಸಂದೇಹ. 14ನೆಯ ಶತಮಾನದಲ್ಲಿ ಈ ದಂಡೆಯಲ್ಲಿ ಇದ್ದದ್ದು ಯಾರೋ ತುಳಿದು ಆದ ಸವೆದ ಜಾಡಲ್ಲ, ನೆರಳು, ನೀರು, ಕಾವಲು ಮೂರನ್ನೂ ಯಾರೋ ಹೊಣೆ ಹೊತ್ತು ನಡೆಸುತ್ತಿದ್ದ ಒಂದು ರಾಜಮಾರ್ಗ. ಗಾಡಿಯೂ ಕುದುರೆಯೂ ಓಡಾಡದ ರಾಜಮಾರ್ಗ! ನಮ್ಮ ಕಲ್ಪನೆಗೆ ಇದು ಸುಲಭವಾಗಿ ಒಗ್ಗುವುದಿಲ್ಲ, ಏಕೆಂದರೆ ನಾವು ದಾರಿಯನ್ನು ಚಕ್ರದೊಡನೆ ಸೇರಿಸಿಯೇ ಯೋಚಿಸುತ್ತೇವೆ. ಅಂದಹಾಗೆ, ಇಂದು ನಮಗೆ ನೆರಳು ಕೊಟ್ಟ ಗಾಳಿ ಮರ ಇಬ್ನ್ ಬತೂತ ಕಂಡ ಮರವಲ್ಲ. ಅದು 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ದಂಡೆಗೆ ತಂದು ನೆಟ್ಟದ್ದು.

ಇಬ್ನ್ ಬತೂತ ಹೇಳುವ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಒಬ್ಬ ಅರಸನ ಸೀಮೆ ಮುಗಿದು ಮತ್ತೊಬ್ಬನದು ಆರಂಭವಾಗುವಲ್ಲಿ ಮರದ ಬಾಗಿಲೊಂದು ಇರುತ್ತದೆ, ಅದರ ಮೇಲೆ ಸೀಮೆಯ ಒಡೆಯನ ಹೆಸರು ಕೆತ್ತಿರುತ್ತದೆ, ಅದಕ್ಕೆ ಅಭಯದ ಬಾಗಿಲೆಂದು ಹೆಸರು. ಅಪರಾಧ ಮಾಡಿ ಓಡಿಬಂದವನು ಆ ಬಾಗಿಲು ದಾಟಿದರೆ ಅವನನ್ನು ಹಿಡಿಯುವಂತಿಲ್ಲ. ಉತ್ತರ ಕನ್ನಡದ ಆಡುಮಾತಿನಲ್ಲಿ ನದಿ ದಾಟುವ ದೋಣಿಕಟ್ಟೆಗೆ ‘ತಾರಿಬಾಗಿಲು’ ಎನ್ನುತ್ತಾರೆ. ತಾರಿ ಎಂದರೆ ದಾಟುವ ದೋಣಿ ಅಥವಾ ದಾಟುವ ಸ್ಥಳ. ಆದರೆ ಬಾಗಿಲು ಏಕೆ? ಗೋಡೆಯಿಲ್ಲದ, ಚಾವಣಿಯಿಲ್ಲದ ನೀರಿನ ಅಂಚನ್ನು ಬಾಗಿಲೆಂದು ಕರೆಯಲು ಕಾರಣವೇನು? ಮಲಬಾರಿನ ಆ ಮರದ ಬಾಗಿಲುಗಳಿಗೂ ನಮ್ಮ ತಾರಿಬಾಗಿಲುಗಳಿಗೂ ನೇರ ಸಂಬಂಧವಿತ್ತೆಂದು ಹೇಳಲು ಆಧಾರವಿಲ್ಲ. ಹಾಗೆ ಹೇಳುವ ಆತುರವೂ ಬೇಡ. ಆದರೆ ಈ ಸೀಮೆಯಲ್ಲಿ ಗಡಿಯನ್ನು ನಿರ್ಧರಿಸಿದ್ದು ಬಹುತೇಕ ನದಿಗಳು. ಸುಂಕ ಎತ್ತಲು, ಅಪರಿಚಿತನನ್ನು ತಡೆದು ವಿಚಾರಿಸಲು ದೋಣಿಕಟ್ಟೆಗಿಂತ ತಕ್ಕ ಸ್ಥಳವಿಲ್ಲ. ಬಾಗಿಲೆಂಬ ಪದ ಆ ನೆನಪನ್ನು ಕಾಪಾಡಿಕೊಂಡಿರುವ ಸಾಧ್ಯತೆಯನ್ನು ಭಾಷಾವಿದ್ವಾಂಸರು ಪರಿಶೀಲಿಸಬಹುದು.

ಮಧ್ಯಾಹ್ನದ ಹೊತ್ತಿಗೆ ನಮ್ಮ ತಂಡ ಅಂಥದೇ ಒಂದು ಬಾಗಿಲಿಗೆ ಬಂದು ನಿಂತಿತು. ಅಘನಾಶಿನಿ ಎಂಬ ಊರು, ಅದೇ ಹೆಸರಿನ ನದಿಯ ಅಳಿವೆ. ಎದುರು ದಂಡೆಯಲ್ಲಿ ತದಡಿಯ ಮೀನುಗಾರಿಕಾ ಬಂದರು ಕೈಗೆಟುಕುವಂತೆ ಕಾಣುತ್ತದೆ. ದೋಣಿ ಕೆಲವೇ ನಿಮಿಷಗಳಲ್ಲಿ ದಾಟಿಸುತ್ತದೆ. ವಾಹನದಲ್ಲಿ ಹೋಗುವುದಾದರೆ ಮಿರ್ಜಾನಿನ ಕಡೆಗೆ ಒಳನಾಡಿಗೆ ಹೋಗಿ ಹೆದ್ದಾರಿಯ ಸೇತುವೆ ದಾಟಿ ಮತ್ತೆ ದಂಡೆಗೆ ಬರಲು ಹತ್ತಾರು ಕಿ.ಮೀ. ಸುತ್ತಬೇಕು. ದೋಣಿಯಲ್ಲಿ ನಮ್ಮೊಡನೆ ಇದ್ದವರು ಶಾಲೆಯಿಂದ ಮರಳುವ ಮಕ್ಕಳು, ಮೀನಿನ ಬುಟ್ಟಿಯ ಇಬ್ಬರು ಹೆಂಗಸರು, ಒಂದು ಮೋಟಾರು ಸೈಕಲ್ಲು ಮತ್ತು ಅದರ ಒಡೆಯ. ವಿಹಾರಿಗಳಿಗೆ ಇದು ದಿನದ ಅತ್ಯಂತ ಸಂತೋಷದ ಗಳಿಗೆ. ಎಲ್ಲರೂ ಫೋಟೋ ತೆಗೆಯುವುದರಲ್ಲಿ ಮುಳುಗಿದ್ದರು. ಮೀನಿನ ಹೆಂಗಸರಿಗೆ ಅದು ಬಸ್ಸು.

ಚಾರಿತ್ರಿಕ ದೃಷ್ಟಿಯಿಂದ ಇಡೀ ದಿನದ ತಿರುಳು ಈ ದಾಟಿನಲ್ಲಿದೆ. ಸಿರಸಿಯ ಪರಿಸರದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಇಲ್ಲಿಗೆ ಬರುವ ಈ ನದಿಯ ಅಳಿವೆ ವಿಶಾಲವಾದದ್ದು. ಸಮುದ್ರದ ಉಪ್ಪುನೀರು ಬಹಳ ದೂರ ಒಳಕ್ಕೆ ನುಗ್ಗುತ್ತದೆ. ಅದರ ಅಂಚಿನ ಗಜನಿ ಭೂಮಿಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ, ಇಳಿತದಲ್ಲಿ ಬೆಳಚು ಆಯುವ ನೂರಾರು ಕೈಗಳು. ಒಳಗೆ ನದಿಯ ದಂಡೆಯಲ್ಲೇ ಮಿರ್ಜಾನ ಕೋಟೆ, ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದುಕೊಂಡದ್ದು. ಅದನ್ನು ನಾವು ಸದಾ ಮೆಣಸಿನ ಸಾಗಾಟದ ಕಣ್ಣಿನಿಂದ, ಅಂದರೆ ಘಟ್ಟದಿಂದ ಕಡಲಿಗೆ ಪೂರ್ವ ಪಶ್ಚಿಮವಾಗಿ ಹರಿಯುವ ವ್ಯಾಪಾರದ ಕಣ್ಣಿನಿಂದ ನೋಡಿದ್ದೇವೆ. ದಕ್ಷಿಣೋತ್ತರವಾಗಿ ನಡೆಯುವವನಿಗೆ ಅದೇ ನದಿ ಕಾಣುವುದು ಬೇರೆ ರೀತಿಯಲ್ಲಿ. ಅವನಿಗದು ಸಾಗಿಸುವ ನೀರಲ್ಲ, ತಡೆಯುವ ನೀರು. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಈ ನಾಲ್ಕು ತಡೆಗಳು ಉತ್ತರ ಕನ್ನಡದ ದಂಡೆಯನ್ನು ತುಂಡು ತುಂಡಾಗಿ ಕತ್ತರಿಸಿವೆ. ಒಂದೊಂದು ತುಂಡೂ ಒಂದೆರಡು ದಿನದ ನಡಿಗೆಯಷ್ಟು ಉದ್ದ. ದಾರಿಯ ಉದ್ದವನ್ನು ಅಳೆದದ್ದು ಮೈಲಿಗಲ್ಲುಗಳಲ್ಲ, ಅಂಬಿಗರು. ದೋಣಿ ಇರುವ ಹೊತ್ತಿಗೆ ನದಿ ತಲುಪಬೇಕು. ತಲುಪದಿದ್ದರೆ ಈ ದಂಡೆಯಲ್ಲೇ ರಾತ್ರಿ ಕಳೆಯಬೇಕು. ಇದೇ ನಾನು ಮೊದಲಲ್ಲಿ ಹೇಳಿದ ಹಳೆಯ ನಿಯಮ.

ಈ ದಂಡೆಯ ಐತಿಹ್ಯವೂ ಇದೇ ಅಳತೆಯಲ್ಲಿ ಹರಡಿಕೊಂಡಿರುವುದು ಗಮನಾರ್ಹ. ರಾವಣನು ಆತ್ಮಲಿಂಗವನ್ನು ಕೀಳಲಾರದೆ ಸಿಟ್ಟಿನಿಂದ ಅದರ ಪೆಟ್ಟಿಗೆ, ಮುಚ್ಚಳ, ದಾರ, ವಸ್ತ್ರಗಳನ್ನು ಎಸೆದನೆಂದೂ, ಅವು ಬಿದ್ದಲ್ಲಿ ಶೆಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ, ಮುರುಡೇಶ್ವರಗಳು ಉಂಟಾದವೆಂದೂ ಕಥೆ. ಗೋಕರ್ಣವೂ ಸೇರಿ ಪಂಚಕ್ಷೇತ್ರಗಳು. ಕಾರವಾರದಿಂದ ಮುರುಡೇಶ್ವರದವರೆಗೆ ದಂಡೆಯುದ್ದಕ್ಕೂ ಒಂದೆರಡು ದಿನದ ನಡಿಗೆಯ ಅಂತರದಲ್ಲಿ ನಿಂತ ಈ ಐದನ್ನು ಜೋಡಿಸಿದರೆ ದೊರೆಯುವುದು ನಮ್ಮ ಕಾಲುದಾರಿಯೇ. ಸ್ಥಳಪುರಾಣಗಳನ್ನು ಯಾತ್ರೆಯ ನಕ್ಷೆಗಳೆಂದು ಓದುವ ಕ್ರಮ ಹೊಸತೇನಲ್ಲ. ಇಲ್ಲಿ ಅದು ವಿಶೇಷವಾಗಿ ಹೊಂದುತ್ತದೆ. ನಾವು ಹಿಂದಿನ ದಿನ ಧಾರೇಶ್ವರವನ್ನು ಹಾದು ಬಂದಿದ್ದೆವು. ತಂಡದಲ್ಲಿ ಯಾರಿಗೂ ಈ ಕಥೆ ತಿಳಿದಿರಲಿಲ್ಲ, ಆದರೂ ಅವರ ತಂಗುದಾಣಗಳು ಕಥೆಗೆ ತಪ್ಪದೆ ಹೊಂದಿಕೊಂಡಿದ್ದವು.

ಚಕ್ರದ ದಾರಿ ಬಂದಾಗ ಅದು ದಂಡೆಯನ್ನು ಬಿಟ್ಟು ಒಳಕ್ಕೆ ಸರಿಯಿತು. ನದಿ ಕಿರಿದಾಗುವಲ್ಲಿ ಸೇತುವೆ ಕಟ್ಟುವುದು ಸುಲಭ, ಆದ್ದರಿಂದ ಹೆದ್ದಾರಿ ಅಳಿವೆಗಳನ್ನು ಆದಷ್ಟು ತಪ್ಪಿಸಿತು. ಹಿಂದೆ 17 ಎಂದು, 2010ರಿಂದ 66 ಎಂದು ಕರೆಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿಯೂ, 1998ರಲ್ಲಿ ಪೂರ್ಣವಾಗಿ ಆರಂಭಗೊಂಡ ಕೊಂಕಣ ರೈಲ್ವೆಯೂ ಕುಮಟೆ ಗೋಕರ್ಣಗಳ ನಡುವೆ ದಂಡೆಯಿಂದ ದೂರವೇ ಹಾದುಹೋದವು. ಇದರಿಂದ ಎರಡು ಪರಿಣಾಮಗಳಾದವು. ಹಳೆಯ ದಾರಿಯ ಊರುಗಳು ಮೂಲೆ ಸೇರಿದವು. ಅದೇ ಕಾರಣಕ್ಕೆ ಹಳೆಯ ದಾರಿ ಉಳಿಯಿತು. ಬಾಡ, ಅಘನಾಶಿನಿ, ತದಡಿಗಳ ದಂಡೆ ಇಂದು ನಡೆಯಲು ಯೋಗ್ಯವಾಗಿರುವುದು ಅವು ಮೂಲೆಗುಂಪಾದದ್ದರಿಂದಲೇ. ಹೊಸ ದಾರಿಯ ಭದ್ರತೆಯ ಬಗ್ಗೆ ನಮಗಿದ್ದ ವಿಶ್ವಾಸ 2024ರಲ್ಲಿ ಸ್ವಲ್ಪ ಅಲುಗಿತು. ಆ ವರ್ಷದ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜೀವಗಳನ್ನೂ ನುಂಗಿ ಗಂಗಾವಳಿಗೆ ಇಳಿಯಿತು; ಸುಮಾರು ಮೂರು ವಾರಗಳ ಬಳಿಕ, ಆಗಸ್ಟ್ 7ರಂದು, ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ನದಿಗಳನ್ನು ನಾವು ಗೆದ್ದೆವೆಂಬುದು ಅರ್ಧ ಸತ್ಯ.

ಮೂಲೆಗುಂಪಾದ ಸ್ಥಳಗಳಿಗೆ ಮತ್ತೊಂದು ಅಪಾಯವೂ ಉಂಟು. ಖಾಲಿ ಎಂದು ತೋರುವ ಜಾಗದ ಮೇಲೆ ದೊಡ್ಡ ಯೋಜನೆಗಳ ಕಣ್ಣು ಬೀಳುತ್ತದೆ. 2000ರ ದಶಕದಲ್ಲಿ ತದಡಿಗೆ 4000 ಮೆಗಾವ್ಯಾಟಿನ ವಿದ್ಯುತ್ ಸ್ಥಾವರವೊಂದರ ಪ್ರಸ್ತಾವ ಬಂದು ಜನರ ವಿರೋಧದಿಂದ ಹಿಂದೆ ಸರಿಯಿತು. ಆಮೇಲೆ ದೊಡ್ಡ ಬಂದರಿನ ಮಾತು ನಡೆಯಿತು. 2024ರಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರು ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಿತು. ಹಕ್ಕಿಗಳಿಗೂ ಬೆಳಚಿಗೂ ಈ ಮನ್ನಣೆ ದೊರೆತದ್ದು ಸಂತೋಷವೇ. ತಾರಿಬಾಗಿಲಿಗೆ ಮಾತ್ರ ಯಾವ ಪಟ್ಟಿಯಲ್ಲೂ ಸ್ಥಾನವಿಲ್ಲ. ಪುರಾತತ್ವದ ದೃಷ್ಟಿಯಲ್ಲಿ ಕೋಟೆ ಸ್ಮಾರಕ, ದೇವಾಲಯ ಸ್ಮಾರಕ. ಏಳು ಶತಮಾನಗಳ ಹಿಂದೆಯೂ ಜನ ಕಾಯುತ್ತ ನಿಂತಿದ್ದಿರಬಹುದಾದ ದೋಣಿಕಟ್ಟೆ ಸ್ಮಾರಕವಲ್ಲ, ಏಕೆಂದರೆ ಅಲ್ಲಿ ಕಲ್ಲಿಲ್ಲ. ಅಂಬಿಗರ ಮನೆತನಗಳ ನೆನಪು, ತಾರಿಯ ಹಕ್ಕು ಯಾರಿಗೆ ಹೇಗೆ ಬಂದಿತೆಂಬ ವಿವರ, ದಾಟುವ ಕೂಲಿಯ ಲೆಕ್ಕ ಇವನ್ನು ಈ ತಲೆಮಾರು ಇರುವಾಗಲೇ ದಾಖಲಿಸಿಕೊಳ್ಳದಿದ್ದರೆ ಮುಂದೆ ಹುಡುಕಲು ಏನೂ ಉಳಿಯದು. ದೋಣಿ ನಡೆಸಿದ ಹಿರಿಯರನ್ನು ಈ ವಿಷಯವಾಗಿ ಕೇಳಿದಾಗ ಅವರು ಉತ್ತರಿಸಿದ್ದು ಇಷ್ಟೇ: “ಬರ್ದ್ಕಂಬುಕೆ ಏನದೆ ಇದ್ರಲ್ಲಿ?”

ತದಡಿಯಿಂದ ಮುಂದಿನ ಭಾಗ ದಂಡೆಗಿಂತ ಹೆಚ್ಚಾಗಿ ಗುಡ್ಡದ್ದು. ಬಲಕ್ಕೆ ಒಳಗೆ ಯಶವಂತ ಚಿತ್ತಾಲರ ಹನೇಹಳ್ಳಿ; ಎಡಕ್ಕೆ ಸಮುದ್ರ. ಬೇಲೆಕಾನಿನ ದಂಡೆ ದಾಟಿ ಏರಿದರೆ ಕೆಂಪು ಮುರಕಲ್ಲಿನ ಬೋಳು ನೆತ್ತಿ, ಕೆಳಗೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂದು ಕರೆಸಿಕೊಳ್ಳುವ ಪುಟ್ಟ ಕೊಲ್ಲಿಗಳು. ಇವುಗಳಲ್ಲಿ ಕುಡ್ಲೆ ಮಾತ್ರ ಹಳೆಯ ಹೆಸರಿನಂತೆ ಕೇಳಿಸುತ್ತದೆ. ಉಳಿದವು ಹೊರಗಿನಿಂದ ಬಂದವರು ಇಟ್ಟವು. ಕಾಲಡಿಯ ಈ ಕಲ್ಲಿನ ಶಾಸ್ತ್ರೀಯ ನಾಮಕರಣವೂ ನಮ್ಮ ಬುಕಾನನ್ನನದೇ. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ನೆಲದಿಂದ ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟುವುದನ್ನು ಕಂಡು, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಯ ಹೆಸರಿನಿಂದ ‘ಲ್ಯಾಟರೈಟ್’ ಎಂಬ ಪದವನ್ನು ಅದೇ 1807ರ ಗ್ರಂಥದಲ್ಲಿ ಟಂಕಿಸಿದನು. ಜಗತ್ತಿನ ಭೂವಿಜ್ಞಾನಿಗಳೆಲ್ಲ ಇಂದು ಬಳಸುವ ಪದವೊಂದು ಹುಟ್ಟಿದ್ದು ಈ ಸಂಚಾರದಲ್ಲಿ.

ಗೋಕರ್ಣ ತಲುಪಿದಾಗ ಸೂರ್ಯ ಮುಳುಗುತ್ತಿದ್ದ. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದನು ದಕ್ಷಿಣ ಸಮುದ್ರದ ದಡದ ಈ ಕ್ಷೇತ್ರಕ್ಕೆ ಬರುವುದು ಆಕಾಶಮಾರ್ಗದಿಂದ. ಉಳಿದವರೆಲ್ಲ ನಡೆದೇ ಬಂದವರು. ಘಟ್ಟ ಇಳಿದು ಬಂದವರಿಗೆ ಇದು ಕಡಲು ಸಿಗುವ ಊರು, ದಂಡೆ ಹಿಡಿದು ಬಂದವರಿಗೆ ಒಂದು ಅಘನಾಶಿನಿ ದಾಟಿದ ಮೇಲೆ ಸಿಗುವ ಊರು. ಪಾಪವನ್ನು ಕಳೆಯುವವಳು ಎಂಬ ಆ ನದಿಯ ಹೆಸರನ್ನು ದಕ್ಷಿಣದಿಂದ ನಡೆದು ಬಂದ ಯಾತ್ರಿಕನ ಕಡೆಯಿಂದ ಕೇಳಿದರೆ ಅದರ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಬುಕಾನನ್ ಬಂದಾಗಲೂ ಇದು ತೆಂಗಿನ ಮರಗಳ ನಡುವೆ ಚದುರಿದ ಊರು, ಬ್ರಾಹ್ಮಣರ ಮನೆಗಳು ಹೆಚ್ಚು, ಅಷ್ಟಿಷ್ಟು ವ್ಯಾಪಾರ. ನಮ್ಮ ತಂಡದ ಹುಡುಗರು ಕುಡ್ಲೆಯ ಗುಡಿಸಲುಗಳಲ್ಲೇ ಉಳಿದರು. ನಾನು ಕೋಟಿತೀರ್ಥದ ಕಡೆಗೆ ಹೋಗಿ, ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತು, ಮರುದಿನ ಬೆಳಿಗ್ಗೆ ಇಳಿತ ಎಷ್ಟು ಹೊತ್ತಿಗೆ ಎಂದು ಪಕ್ಕದವರನ್ನು ವಿಚಾರಿಸಿದೆ. ಮುಂದಿನ ನದಿ ಗಂಗಾವಳಿ; ಬುಕಾನನ್ನನ ಲೆಕ್ಕದಲ್ಲಿ ಹೈಗ ದೇಶ ಮುಗಿದು ಕೊಂಕಣ ಆರಂಭವಾಗುವುದು ಅಲ್ಲಿ.